ಒಂದು ಲಾರಿ, ಎರಡು ಕಾಗದ

ಹೆದ್ದಾರಿಯಲ್ಲಿ ಓಡುವ ಬಹಳಷ್ಟು ಲಾರಿಗಳ ಹಣೆಯ ಮೇಲೆ ‘ಎನ್/ಪಿ’ ಎಂಬ ಎರಡಕ್ಷರ ಇರುತ್ತದೆ. ನ್ಯಾಷನಲ್ ಪರ್ಮಿಟ್ ಎಂಬುದರ ಗುರುತು ಅದು. ಲಾರಿಯನ್ನು ಓಡಿಸಲು ಬೇಕಾದ ಕಾಗದ ಬೇರೆ, ಅದರಲ್ಲಿ ಬಾಡಿಗೆಗೆ ಸರಕು ಸಾಗಿಸಲು ಬೇಕಾದ ಕಾಗದ ಬೇರೆ. ಮೊದಲನೆಯದು ಲೈಸೆನ್ಸ್, ಎರಡನೆಯದು ಪರ್ಮಿಟ್. ಸಂಬಳದ ಡ್ರೈವರಿಗೆ ಮೊದಲನೆಯದಿದ್ದರೆ ಸಾಕು, ಎರಡನೆಯದು ಮಾಲೀಕರ ತಲೆನೋವು. ಸ್ವಂತ ಲಾರಿಯನ್ನು ತಾನೇ ಓಡಿಸಿ ಹೊಟ್ಟೆ ಹೊರೆಯುವವನಿಗೆ ಮಾತ್ರ ಎರಡೂ ಬೇಕು. ಈ ಎರಡನೆಯ ಕಾಗದ ಹುಟ್ಟಿದ್ದು ರಸ್ತೆಯ ಸುರಕ್ಷತೆಗಾಗಿ ಅಲ್ಲ, ರೈಲಿನ ಲಾಭಕ್ಕಾಗಿ.

1914ರ ಮೋಟಾರು ವಾಹನ ಕಾಯ್ದೆ ಸರಳವಾಗಿತ್ತು. ಗಾಡಿಗೆ ನೋಂದಣಿ, ಓಡಿಸುವವನಿಗೆ ಲೈಸೆನ್ಸ್. ಆದರೆ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ರೈಲ್ವೆಯ ಆದಾಯ ಕುಸಿಯಿತು. ರೈಲಿನಲ್ಲಿ ದೊಡ್ಡ ಬಂಡವಾಳ ಹೂಡಿದ್ದ ಸರ್ಕಾರಕ್ಕೆ ಮೋಟಾರು ಗಾಡಿ ಎದುರಾಳಿಯಾಗಿ ಕಂಡಿತು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಅಧಿಕಾರಿಗಳು ರೈಲು ಮತ್ತು ರಸ್ತೆಯ ಪೈಪೋಟಿಯನ್ನು ಅಧ್ಯಯನ ಮಾಡಿ 1933ರಲ್ಲಿ ವರದಿ ಕೊಟ್ಟರು. 1937ರ ವೆಜ್‌ವುಡ್ ಸಮಿತಿಯೂ ರಸ್ತೆ ಸಾಗಣೆಗೆ ಕಡಿವಾಣ ಬೇಕೆಂದಿತು. ಅದರ ಫಲವೇ 1939ರ ಮೋಟಾರು ವಾಹನ ಕಾಯ್ದೆ.

ಈ ಕಾಯ್ದೆ ಡ್ರೈವರನ ಬಗ್ಗೆ ಸ್ಪಷ್ಟವಾಗಿತ್ತು. ಸಂಬಳಕ್ಕೆ ಗಾಡಿ ಓಡಿಸುವವನಿಗೂ ಸಾರಿಗೆ ವಾಹನ ಓಡಿಸುವವನಿಗೂ ಲೈಸೆನ್ಸಿನಲ್ಲಿ ಅದಕ್ಕೆಂದೇ ಪ್ರತ್ಯೇಕ ಅನುಮತಿ ಇರಬೇಕು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅಂದರೆ ತನ್ನ ಲಾರಿಗೆ ತಾನೇ ಡ್ರೈವರಾದವನಿಗೂ ವಿನಾಯಿತಿ ಇರಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಹತ್ತು ಟನ್ ಹೊತ್ತ ಗಾಡಿಗೆ ಮಾಲೀಕ ಯಾರೆಂಬುದು ಗೊತ್ತಾಗುವುದಿಲ್ಲ.

ತೊಡಕಿದ್ದದ್ದು ಪರ್ಮಿಟ್ಟಿನಲ್ಲಿ. ಬಾಡಿಗೆಗೆ ಸರಕು ಒಯ್ಯುವವನು ‘ಪಬ್ಲಿಕ್ ಕ್ಯಾರಿಯರ್’ ಪರ್ಮಿಟ್ ಪಡೆಯಬೇಕಿತ್ತು. ಅದನ್ನು ಕೊಡುವ ಮುನ್ನ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ಆ ಪ್ರದೇಶದಲ್ಲಿ ಈಗಿರುವ ಸೇವೆ ಸಾಲದೇ ಎಂದು ನೋಡಬೇಕು, ಈಗಾಗಲೇ ಸಾಗಣೆ ನಡೆಸುತ್ತಿರುವವರ ಅಹವಾಲನ್ನೂ ಕೇಳಬೇಕು. ಹೊಸಬ ಒಳಗೆ ಬರಬಹುದೇ ಎಂದು ಹಳಬರನ್ನು ಕೇಳುವ ಏರ್ಪಾಡು ಅದು. ಒಂದು ಪ್ರದೇಶದ ಪರ್ಮಿಟ್ ಇನ್ನೊಂದರಲ್ಲಿ ನಡೆಯಬೇಕಾದರೆ ಅಲ್ಲಿನ ಪ್ರಾಧಿಕಾರದ ಮೇಲುರುಜು ಬೇಕಿತ್ತು.

ಗಡಿಗಳು ಬದಲಾದಾಗ ಈ ಮೇಲುರುಜಿನ ತೂಕ ಹೆಚ್ಚಿತು. 1956ರ ನವೆಂಬರ್ 1ರವರೆಗೆ ಹುಬ್ಬಳ್ಳಿ, ಬೆಳಗಾವಿ, ವಿಜಾಪುರಗಳು ಮುಂಬೈ ರಾಜ್ಯದಲ್ಲೇ ಇದ್ದವು. ಏಕೀಕರಣದ ಮರುದಿನದಿಂದ ಹುಬ್ಬಳ್ಳಿಯ ಲಾರಿಗೆ ಮುಂಬೈ ಪರರಾಜ್ಯದ ಊರು. ದಾರಿ ಅದೇ, ಸರಕು ಅದೇ. ಸಾಗಣೆ ಮಾತ್ರ ಅಂತರರಾಜ್ಯದ್ದಾಯಿತು.

1959ರಲ್ಲಿ ಎಂ. ಆರ್. ಮಸಾನಿ ಅಧ್ಯಕ್ಷತೆಯ ಸಮಿತಿ ಪರ್ಮಿಟ್ ನೀಡಿಕೆಯನ್ನು ಸಡಿಲಗೊಳಿಸಲು ಹೇಳಿತು. ಬದಲಾವಣೆ ಮಾತ್ರ ಆಮೆಯ ನಡಿಗೆಯಲ್ಲಿ ಬಂತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಸಣ್ಣ ಸಾರಿಗೆದಾರರು ಆದ್ಯತಾ ಸಾಲದ ಪಟ್ಟಿಗೆ ಸೇರಿದರು. ಲಾರಿ ಕೊಳ್ಳಲು ದುಡ್ಡಿನ ದಾರಿ ತೆರೆಯಿತು, ಓಡಿಸಲು ಪರ್ಮಿಟ್ಟಿನ ದಾರಿ ಇಕ್ಕಟ್ಟಾಗಿಯೇ ಉಳಿಯಿತು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಯೋಜನೆ ಬಂದರೂ ಒಂದೊಂದು ರಾಜ್ಯಕ್ಕೆ ಇಂತಿಷ್ಟೇ ಎಂಬ ಕೋಟಾ ಇತ್ತು. ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಲಾರಿಯಿಂದ ಉದ್ಯಮ ಶುರುಮಾಡಿದ್ದು ಇದರ ಮರುವರ್ಷ, 1976ರಲ್ಲಿ. ಎಣಿಕೆಯ ವಸ್ತುವಿಗೆ ಬೆಲೆ ಬರುವುದು ಸಹಜ. ಅರ್ಜಿ ಹಿಡಿದು ಆರ್‌ಟಿಒ ಕಚೇರಿಗೆ ಅಲೆದಷ್ಟು ದಿನವೂ ಗಾಡಿ ನಿಲ್ಲುತ್ತದೆ. ಹತ್ತು ಲಾರಿಯವನಿಗೆ ಅದು ನಷ್ಟ, ಒಂದೇ ಲಾರಿಯವನಿಗೆ ಉಪವಾಸ.

ನಿಜವಾದ ತಿರುವು 1988ರ ಕಾಯ್ದೆ. ಅರ್ಜಿ ಯಾವಾಗ ಬಂದರೂ ಪರ್ಮಿಟ್ಟನ್ನು ಸಾಮಾನ್ಯವಾಗಿ ನಿರಾಕರಿಸಬಾರದು ಎಂದಿತು ಅದರ 80ನೇ ಕಲಮು. ‘ಏಕೆ ಕೊಡಬೇಕು’ ಎಂಬ ಪ್ರಶ್ನೆ ‘ಏಕೆ ಕೊಡಬಾರದು’ ಎಂದು ತಿರುಗಿತು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟೇ ಬೇಡವಾಯಿತು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಪುಟ್ಟ ಗಾಡಿಗಳಲ್ಲಿ ಸಾವಿರಾರು ಜನ ತಮ್ಮ ಗಾಡಿಗೆ ತಾವೇ ಡ್ರೈವರಾದದ್ದಕ್ಕೆ ಈ ವಿನಾಯಿತಿಯೂ ನೆರವಾಯಿತು. ದೂರದ ಲಾರಿಗಳಿಗೆ ರಾಜ್ಯರಾಜ್ಯಕ್ಕೂ ಬೇರೆ ಶುಲ್ಕ ಕಟ್ಟುವ ಪದ್ಧತಿ 2010ರ ಮೇ ತಿಂಗಳವರೆಗೂ ಇತ್ತು. ಆಮೇಲೆ ವರ್ಷಕ್ಕೆ 15,000 ರೂಪಾಯಿ ಒಟ್ಟು ಶುಲ್ಕ ಕಟ್ಟಿದರೆ ದೇಶವೆಲ್ಲ ತಿರುಗಬಹುದಾಯಿತು.

ಪರ್ಮಿಟ್ ಸಲೀಸಾದಂತೆ ಚರ್ಚೆ ಮತ್ತೆ ಲೈಸೆನ್ಸಿಗೆ ಮರಳಿತು. ಸಾರಿಗೆ ವಾಹನದ ಡ್ರೈವರಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವಿತ್ತು. ಓದು ಬಾರದಿದ್ದರೂ ಕೈ ಪಳಗಿದವರು ಇದರಿಂದ ಹೊರಗುಳಿದರು. ಹರಿಯಾಣದ ಮೇವಾತ್ ಭಾಗದ ಇಂಥವರಿಗಾಗಿ ಅಲ್ಲಿನ ಸರ್ಕಾರ ವಿನಾಯಿತಿ ಕೇಳಿತು. 2019ರಲ್ಲಿ ಕೇಂದ್ರ ಷರತ್ತನ್ನೇ ತೆಗೆಯಲು ನಿರ್ಧರಿಸಿತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳಿರಬೇಕೆಂಬ ನಿಯಮ 2018ರಲ್ಲೇ ಹೋಗಿತ್ತು. ಒಂಟಿ ಮಾಲೀಕನಿಗೆ ಇದರಿಂದ ಒಂದು ಸಂಬಳ ಉಳಿಯಿತು. ರಾತ್ರಿ ಕಣ್ಣು ಎಳೆದಾಗ ಸ್ಟಿಯರಿಂಗ್ ಹಿಡಿಯುವ ಇನ್ನೊಂದು ಜೋಡಿ ಕೈಯೂ ಹೋಯಿತು.

ರೈಲನ್ನು ಕಾಯಲು ಹುಟ್ಟಿದ ಪರ್ಮಿಟ್ ಇಂದು ಬಹುಮಟ್ಟಿಗೆ ಶುಲ್ಕದ ರಸೀದಿ. ಹಳೆಯ ಕಾನೂನು ಒಂಟಿ ಲಾರಿಯವನನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಈಗ ಬಾಗಿಲು ತೆರೆದಿದೆ. ಒಳಗೆ ಬಂದವನಿಗೆ ಲೋಡು ಕೊಡಿಸುವವನು ಬ್ರೋಕರ್, ಕಂತು ಕೇಳುವವನು ಫೈನಾನ್ಸಿನವನು. ಇವರಿಬ್ಬರ ನಡುವೆ ಎಷ್ಟು ತಾಸು ನಿದ್ದೆಗೆಡಬೇಕೆಂಬುದು ಲೈಸೆನ್ಸಿನಲ್ಲೂ ಇಲ್ಲ, ಪರ್ಮಿಟ್ಟಿನಲ್ಲೂ ಇಲ್ಲ.