ಆಫ್‌ರೋಡ್ ವಾಹನ ಮಾರ್ಪಾಡು ಮತ್ತು ಆರಂಭಿಕ ಚಾಲನೆ

ಆಫ್‌ರೋಡ್ ವಾಹನ ಮಾರ್ಪಾಡು ಎಂದರೆ ಡಾಂಬರು ಕಾಣದ ಮಣ್ಣು, ಕಲ್ಲು, ಕೆಸರು ಮತ್ತು ಹಳ್ಳದ ದಾರಿಗಳಲ್ಲಿ ಸಾಗಲು ಅನುಕೂಲವಾಗುವಂತೆ ವಾಹನದ ಟಯರ್, ಸಸ್ಪೆನ್ಷನ್, ತಳಭಾಗದ ರಕ್ಷಣೆ ಮೊದಲಾದವುಗಳಲ್ಲಿ ಮಾಡುವ ಬದಲಾವಣೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ತಲುಪುವ ಫೋರ್ ವೀಲ್ ಡ್ರೈವ್ ವಾಹನಗಳನ್ನು ಬಳಸಲಾಗುತ್ತದೆ. ಕರ್ನಾಟಕದ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ಎರೆಮಣ್ಣಿನ ಬಯಲು, ಸುಣ್ಣಕಲ್ಲಿನ ನೆಲ ಮತ್ತು ಒಣ ಕಾಡು ಹತ್ತಿರ ಹತ್ತಿರವೇ ಇವೆ. ಇಂತಹ ಪ್ರದೇಶದಲ್ಲಿ ಹೊಸ ಚಾಲಕರಿಗೆ ವಾಹನದ ಮಾರ್ಪಾಡಿಗಿಂತ ನೆಲದ ಗುಣ, ಋತು ಮತ್ತು ಪ್ರವೇಶದ ಅನುಮತಿ ಹೆಚ್ಚು ಮುಖ್ಯವಾಗುತ್ತವೆ.

ಹಿನ್ನೆಲೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಬಳಕೆಗಾಗಿ ರೂಪುಗೊಂಡ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಸಂಸ್ಥೆಯು ಭಾರತದಲ್ಲಿ ಜೋಡಿಸಲು ಆರಂಭಿಸಿತು. 1985ರಲ್ಲಿ ಮಾರುತಿ ಜಿಪ್ಸಿ, 2010ರಲ್ಲಿ ಮಹೀಂದ್ರಾ ಥಾರ್ ಮತ್ತು 2023ರಲ್ಲಿ ಮಾರುತಿ ಜಿಮ್ನಿ ಭಾರತದ ಮಾರುಕಟ್ಟೆಗೆ ಬಂದವು. ಥಾರ್‌ನ ಎರಡನೇ ಪೀಳಿಗೆ 2020ರಲ್ಲಿ ಬಿಡುಗಡೆಯಾಯಿತು. ಇದರ ನೆಲತೆರವು 226 ಮಿ.ಮೀ. ಮತ್ತು ತಯಾರಕರು ಸೂಚಿಸಿರುವ ನೀರು ದಾಟುವ ಮಿತಿ 650 ಮಿ.ಮೀ. ಇಂತಹ ವಾಹನಗಳು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿಯೇ ಆರಂಭಿಕ ದಾರಿಗಳಿಗೆ ಸಾಕಾಗುತ್ತವೆ.

ಪ್ರಮುಖ ಮಾರ್ಪಾಡುಗಳು

ಟಯರ್: ಹೈವೇ ಟೆರೇನ್ ಟಯರ್‌ಗಳು ರಸ್ತೆಗೂ, ಮಡ್ ಟೆರೇನ್ ಟಯರ್‌ಗಳು ಕೆಸರಿಗೂ, ಆಲ್ ಟೆರೇನ್ ಟಯರ್‌ಗಳು ಎರಡರ ಮಿಶ್ರ ಬಳಕೆಗೂ ಹೊಂದುತ್ತವೆ. ಆರಂಭಿಕರಿಗೆ ಕಂಪನಿ ಸೂಚಿಸಿದ ಅಳತೆಯ ಆಲ್ ಟೆರೇನ್ ಟಯರ್ ಸೂಕ್ತ. ಟಯರ್‌ನ ಅಳತೆ ಹೆಚ್ಚಿದಂತೆ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಬ್ರೇಕ್ ಮತ್ತು ಗೇರ್ ವ್ಯವಸ್ಥೆಯ ಮೇಲೆ ಹೊರೆ ಬೀಳುತ್ತದೆ.

ಸಸ್ಪೆನ್ಷನ್: ವಾಹನವನ್ನು ಎತ್ತರಿಸಿದರೆ ತಳಭಾಗಕ್ಕೆ ಕಲ್ಲು ತಗಲುವುದು ಕಡಿಮೆಯಾಗುತ್ತದೆ. ಆದರೆ ಗುರುತ್ವ ಕೇಂದ್ರವೂ ಮೇಲಕ್ಕೆ ಹೋಗುವುದರಿಂದ ಓರೆ ಇಳಿಜಾರಿನಲ್ಲಿಯೂ ಹೆದ್ದಾರಿಯ ತಿರುವಿನಲ್ಲಿಯೂ ಪಲ್ಟಿಯಾಗುವ ಸಾಧ್ಯತೆ ಹೆಚ್ಚುತ್ತದೆ.

ತಳರಕ್ಷಣೆ: ಎಂಜಿನ್, ಗೇರ್‌ಬಾಕ್ಸ್ ಮತ್ತು ಇಂಧನ ಟ್ಯಾಂಕಿನ ಕೆಳಗೆ ಅಳವಡಿಸುವ ಲೋಹದ ತಗಡುಗಳು ಚೂಪುಗಲ್ಲುಗಳಿಂದ ರಕ್ಷಣೆ ನೀಡುತ್ತವೆ.

ಸ್ನಾರ್ಕೆಲ್: ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಯನ್ನು ಚಾವಣಿಯ ಮಟ್ಟಕ್ಕೆ ಏರಿಸುವ ಕೊಳವೆ. ಇದು ಎಂಜಿನ್ನಿಗೆ ನೀರು ನುಗ್ಗುವುದನ್ನು ತಡೆಯಲು ನೆರವಾಗುತ್ತದೆಯೇ ಹೊರತು ವಿದ್ಯುತ್ ಭಾಗಗಳನ್ನು ನೀರಿನಿಂದ ಕಾಪಾಡುವುದಿಲ್ಲ. ವಾಹನ ತೇಲಿಹೋಗುವುದನ್ನೂ ತಡೆಯುವುದಿಲ್ಲ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಲು ಅವಕಾಶವಿಲ್ಲ. ಕಾಯ್ದೆಯೇ ಅನುಮತಿಸುವ ಬದಲಾವಣೆಗಳಿಗೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಬುಲ್‌ಬಾರ್ ಎಂಬ ಮುಂಭಾಗದ ಕಬ್ಬಿಣದ ಕಟಕಟೆಗಳನ್ನು ತೆಗೆಸುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಒಪ್ಪಿಗೆ ಪಡೆಯದ ಮಾರ್ಪಾಡು ವಿಮಾ ಪರಿಹಾರಕ್ಕೂ ತೊಡಕಾಗಬಹುದು.

ಪ್ರದೇಶದ ನೆಲ

ಎರೆ ಹೊಲಗಳು: ಸೇಡಂ ಮತ್ತು ಚಿತ್ತಾಪುರದ ಬಯಲಿನಲ್ಲಿ ತೊಗರಿ ಬೆಳೆಯುವ ಕಪ್ಪು ಎರೆಮಣ್ಣು ಹೆಚ್ಚಾಗಿದೆ. ಇದರಲ್ಲಿರುವ ಜೇಡಿಯು ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಆಳವಾಗಿ ಬಿರುಕು ಬಿಡುತ್ತದೆ. ಒಣಗಿದಾಗ ಇಲ್ಲಿನ ಬಂಡಿದಾರಿಗಳು ಗಟ್ಟಿಯಾಗಿದ್ದು ಕಲಿಕೆಗೆ ಅನುಕೂಲಕರ. ಒಂದು ದೊಡ್ಡ ಮಳೆ ಬಿದ್ದರೆ ಅದೇ ದಾರಿಯಲ್ಲಿ ಮಣ್ಣು ಟಯರ್‌ನ ಸೀಳುಗಳಿಗೆ ಮೆತ್ತಿಕೊಂಡು ಹಿಡಿತ ತಪ್ಪುತ್ತದೆ, ಮಡ್ ಟೆರೇನ್ ಟಯರ್ ಕೂಡ ಸವೆದ ಟಯರ್‌ನಂತೆ ಜಾರುತ್ತದೆ. ಹಸಿ ನೆಲದಲ್ಲಿ ಉಳಿದ ಚಕ್ರದ ಗಾಡಿಗಳು ಒಣಗಿದ ಮೇಲೆ ರೈತರ ಬಂಡಿ ಮತ್ತು ಟ್ರ್ಯಾಕ್ಟರ್‌ಗಳಿಗೆ ಅಡ್ಡಿಯಾಗುತ್ತವೆ. ಬದು ಒಡೆದರೆ ಹೊಲದ ಮಣ್ಣು ಮಳೆನೀರಿನೊಡನೆ ಕೊಚ್ಚಿಹೋಗುತ್ತದೆ. ತೊಗರಿ ರಾಶಿ ಮುಗಿದ ನಂತರದ, ಬಿಸಿಲು ಏರುವ ಮುಂಚಿನ ವಾರಗಳು ಚಾಲನೆಗೆ ಸೂಕ್ತ. ಆಗಲೂ ಹೊಲದ ಒಡೆಯರ ಒಪ್ಪಿಗೆ ಅಗತ್ಯ.

ಕಲ್ಲುಗಣಿಗಳು: ಶಹಾಬಾದ್ ಮತ್ತು ವಾಡಿಯ ಸುತ್ತ ಸುಣ್ಣಕಲ್ಲು ಪದರ ಪದರವಾಗಿ ಸಿಗುತ್ತದೆ. ಇದು ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ನೆಲಹಾಸಿಗೆ ಹೆಸರಾಗಿದೆ. ಇಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೂ ಸುಣ್ಣಕಲ್ಲೇ ಆಧಾರ. ಗಣಿದಾರಿಯ ಕಲ್ಲುಚೂರುಗಳು ಟಯರ್‌ನ ಪಕ್ಕವನ್ನು ಸೀಳಬಲ್ಲವು. ಗಾಳಿ ಕಡಿಮೆ ಮಾಡಿದ ಟಯರ್‌ನ ಪಕ್ಕ ಹೊರಕ್ಕೆ ಉಬ್ಬುವುದರಿಂದ ಅಪಾಯ ಇನ್ನೂ ಹೆಚ್ಚು. ಕೈಬಿಟ್ಟ ಗಣಿಗಳ ಅಂಚು ಕುಸಿಯಬಹುದು. ಅವುಗಳಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ಆದುದರಿಂದ ಹಳೆಯ ಗಣಿಗುಂಡಿಗಳು ಅಭ್ಯಾಸಕ್ಕೆ ಯೋಗ್ಯವಲ್ಲ.

ನದಿ ಮತ್ತು ಹಳ್ಳಗಳು: ಭೀಮಾ ನದಿಯ ಉಪನದಿಯಾದ ಕಾಗಿಣಾ ಈ ಭಾಗದಲ್ಲಿ ಹರಿಯುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇದರ ದಡದಲ್ಲಿದೆ. ನದಿ ತುಂಬಿ ಬಂದಾಗ ಮಳಖೇಡದ ಸೇತುವೆಯೇ ಹಲವು ಬಾರಿ ಮುಳುಗಿದೆ. ಮಳೆಗಾಲದಲ್ಲಿ ಹರಿಯುವ ಹಳ್ಳವನ್ನು ವಾಹನದಲ್ಲಿ ದಾಟುವುದು ಪ್ರಾಣಾಪಾಯಕಾರಿ. ತಯಾರಕರು ಸೂಚಿಸುವ ಮಿತಿಯು ನೀರಿನ ಆಳಕ್ಕೆ ಸಂಬಂಧಿಸಿದ್ದು, ಅದು ಸೆಳೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಚಿಂಚೋಳಿ ಕಾಡು: ತೆಲಂಗಾಣದ ಗಡಿಗೆ ತಾಗಿರುವ ಚಿಂಚೋಳಿ ವನ್ಯಜೀವಿಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಸುಮಾರು 134.88 ಚ.ಕಿ.ಮೀ. ವಿಸ್ತಾರದ ಈ ಒಣ ಎಲೆಯುದುರುವ ಕಾಡು ತೋಳ ಮತ್ತು ಕತ್ತೆಕಿರುಬಗಳ ನೆಲೆಯಾಗಿದೆ. ಚಂದ್ರಂಪಳ್ಳಿ ಜಲಾಶಯ ಇದೇ ಪ್ರದೇಶದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ವನ್ಯಜೀವಿಧಾಮದ ಒಳದಾರಿಗಳಿಗೆ ವಾಹನ ಇಳಿಸುವಂತಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಸಂಚರಿಸುವವರೂ ರಸ್ತೆ ಬಿಟ್ಟು ಕಾಡಿನೊಳಗೆ ತಿರುಗಬಾರದು.

ಆರಂಭಿಕ ಚಾಲನಾ ಕ್ರಮ

• ಒಂಟಿಯಾಗಿ ಹೋಗದೆ ಕನಿಷ್ಠ ಎರಡು ವಾಹನಗಳಲ್ಲಿ ಹೋಗಬೇಕು. ಹೋಗುವ ದಾರಿಯನ್ನು ಮನೆಯವರಿಗೆ ತಿಳಿಸಿರಬೇಕು.
• ಅನುಮಾನವಿರುವ ಜಾಗದಲ್ಲಿ ಮೊದಲು ಇಳಿದು ನಡೆದು ನೋಡಬೇಕು.
• ಕಷ್ಟದ ಜಾಗ ತಲುಪುವ ಮುಂಚೆಯೇ ಲೋ ರೇಂಜ್‌ಗೆ ಬದಲಿಸಬೇಕು.
• ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿ ಎಂಜಿನ್ ತಡೆಯಿಂದಲೇ ಇಳಿಯಬೇಕು, ಕ್ಲಚ್ ಒತ್ತಬಾರದು.
• ಏರಿನಲ್ಲಿ ವಾಹನ ನಿಂತರೆ ಅಡ್ಡ ತಿರುಗಿಸದೆ, ರಿವರ್ಸ್ ಗೇರಿನಲ್ಲಿ ನೇರವಾಗಿ ಹಿಂದಕ್ಕೆ ಇಳಿಯಬೇಕು.
• ಸಡಿಲ ಮಣ್ಣಿಗಾಗಿ ಟಯರ್‌ನ ಗಾಳಿ ಇಳಿಸಿದ್ದರೆ ಡಾಂಬರು ರಸ್ತೆಗೆ ಮರಳುವ ಮುನ್ನ ಮತ್ತೆ ತುಂಬಬೇಕು.

ಸಿಲುಕಿದ ವಾಹನವನ್ನು ಹೊರತೆಗೆಯುವುದು

ಚಕ್ರ ಹೂತಾಗ ಆಕ್ಸಿಲರೇಟರ್ ಒತ್ತಿದಷ್ಟೂ ಅದು ಇನ್ನೂ ಕೆಳಗಿಳಿಯುತ್ತದೆ. ಮೊದಲು ಸಲಿಕೆಯಿಂದ ಚಕ್ರದ ಮುಂದಿನ ಮಣ್ಣು ತೆಗೆದು ಕಲ್ಲು ಅಥವಾ ಹಲಗೆ ಇಡಬೇಕು. ಎಳೆಯುವ ಹಗ್ಗವನ್ನು ಚಾಸಿಗೆ ಬಿಗಿದ ಕೊಕ್ಕೆಗೇ ಕಟ್ಟಬೇಕು. ಬಂಪರ್‌ಗೆ ಅಥವಾ ಟ್ರೇಲರ್ ಗುಂಡಿಗೆ ಕಟ್ಟಿದರೆ ಅದು ಕಿತ್ತು ಗುಂಡಿನಂತೆ ಹಾರಿ ಸಾವಿಗೆ ಕಾರಣವಾಗಬಹುದು. ಎಳೆಯುವಾಗ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ವಿಂಚ್ ಅಳವಡಿಸುವುದಾದರೆ ಅದರ ಸಾಮರ್ಥ್ಯವು ಹೊರೆಸಹಿತ ವಾಹನದ ತೂಕದ ಕನಿಷ್ಠ ಒಂದೂವರೆ ಪಟ್ಟು ಇರಬೇಕೆಂಬುದು ರೂಢಿಯ ನಿಯಮ. ಸಲಿಕೆ, ಹಗ್ಗ, ಗಾಳಿ ತುಂಬುವ ಪಂಪು, ಹೆಚ್ಚುವರಿ ಟಯರ್, ಕುಡಿಯುವ ನೀರು ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಆರಂಭಿಕರ ಮೂಲ ಸಲಕರಣೆಗಳು. ಇವುಗಳಲ್ಲಿ ಯಾವುದಕ್ಕೂ ವಾಹನದ ಮೂಲ ರಚನೆಯನ್ನು ಬದಲಾಯಿಸಬೇಕಾಗಿಲ್ಲ.