ಅಕ್ಕನ ಓದು ಮೊದಲು, ತಂಗಿಯದು ಆಮೇಲೆ

‘ಮೊದಲು ಅಣ್ಣನ ಓದು ಮುಗಿಯಲಿ, ಆಮೇಲೆ ನಿನ್ನದು ನೋಡೋಣ’ ಎಂಬ ಮಾತು ನಮ್ಮ ಅನೇಕ ಮನೆಗಳಿಗೆ ಹೊಸತೇನಲ್ಲ. ಎಷ್ಟೋ ವೇಳೆ ಆ ‘ಆಮೇಲೆ’ ಬರುವುದೇ ಇಲ್ಲ. ಅದು ಬಂದದ್ದಕ್ಕೆ ಒಂದು ದೊಡ್ಡ ಉದಾಹರಣೆ ಮೇರಿ ಕ್ಯೂರಿ.

1867ರಲ್ಲಿ ವಾರ್ಸಾದಲ್ಲಿ ಹುಟ್ಟಿದಾಗ ಆಕೆಯ ಹೆಸರು ಮರಿಯಾ ಸ್ಕ್ಲೊಡೊವ್‌ಸ್ಕಾ. ಆಗ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಭೂಪಟದಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದವು. ರಷ್ಯಾದ ಪಾಲಿಗೆ ಸೇರಿದ್ದ ವಾರ್ಸಾದ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಕಲಿಯುವ ಹಂಬಲವಿದ್ದವರು ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತಾ ಪಾಠ ಕೇಳುತ್ತಿದ್ದರು. ‘ಹಾರುವ ವಿಶ್ವವಿದ್ಯಾಲಯ’ ಎಂದೇ ಅದಕ್ಕೆ ಹೆಸರು. ಅಲ್ಲಿ ವಿದ್ಯೆ ಸಿಗುತ್ತಿತ್ತು, ಪದವಿ ಸಿಗುತ್ತಿರಲಿಲ್ಲ.

ಪದವಿ ಬೇಕಾದರೆ ಪ್ಯಾರಿಸ್ಸಿಗೆ ಹೋಗಬೇಕು. ತಂದೆ ಉಪಾಧ್ಯಾಯರು, ಕೈಯಲ್ಲಿ ಹಣವಿಲ್ಲ. ಅಕ್ಕ ಬ್ರೊನ್ಯಾಗೆ ವೈದ್ಯೆಯಾಗುವ ಆಸೆ. ಆಗ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಮೊದಲು ಅಕ್ಕ ಹೋಗಿ ಓದಲಿ, ತಂಗಿ ದುಡಿದು ಹಣ ಕಳಿಸಲಿ. ಅಕ್ಕ ಒಂದು ನೆಲೆಗೆ ಬಂದ ಮೇಲೆ ತಂಗಿಯನ್ನು ಕರೆಸಿಕೊಳ್ಳಲಿ. ಅದರಂತೆ ಮರಿಯಾ 1886ರಿಂದ ಮೂರು ವರ್ಷ ಹಳ್ಳಿಯೊಂದರಲ್ಲಿ, ಸ್ಥಿತಿವಂತರ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಪಾಠ ಹೇಳಿದಳು. ರಾತ್ರಿ ತಾನೇ ಗಣಿತ, ಭೌತಶಾಸ್ತ್ರ ಓದಿಕೊಂಡಳು.

ಅಕ್ಕ ಮಾತು ಉಳಿಸಿಕೊಂಡಳು. 1891ರ ಶರತ್ಕಾಲದಲ್ಲಿ ಮರಿಯಾ ಪ್ಯಾರಿಸ್ ತಲುಪಿ, ಹೆಸರಾಂತ ಸೋರ್ಬಾನ್ ವಿಶ್ವವಿದ್ಯಾಲಯ ಸೇರಿದಾಗ ವಯಸ್ಸು 24 ತುಂಬುತ್ತಿತ್ತು. ಮೊದಲು ಅಕ್ಕ-ಭಾವನ ಮನೆಯಲ್ಲೇ ವಾಸ. ಅದು ತರಗತಿಗಳಿಗೆ ದೂರವಾದ್ದರಿಂದ, ಕೆಲವು ತಿಂಗಳ ನಂತರ ವಿಶ್ವವಿದ್ಯಾಲಯದ ಸಮೀಪ ಮಾಳಿಗೆಯ ಮೇಲಿನ ಪುಟ್ಟ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಚಳಿಗಾಲದ ರಾತ್ರಿ ಬೋಗುಣಿಯ ನೀರು ಹೆಪ್ಪುಗಟ್ಟುತ್ತಿತ್ತು. ಇದ್ದಬದ್ದ ಬಟ್ಟೆಗಳನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದಳು. ಎಷ್ಟೋ ದಿನ ಊಟವೆಂದರೆ ಬ್ರೆಡ್ಡು, ಜೊತೆಗೆ ಮೊಟ್ಟೆಯೋ ಹಣ್ಣೋ. ವಾರ್ಸಾದಲ್ಲಿ ಕಲಿತ ಫ್ರೆಂಚ್ ಭಾಷೆಯೂ ಗಣಿತವೂ ಇಲ್ಲಿನ ತರಗತಿಗೆ ಸಾಲದಾದವು. ಆದರೂ 1893ರಲ್ಲಿ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಆಕೆಯೇ ಮೊದಲಿಗಳು. ಮರುವರ್ಷ ಗಣಿತದಲ್ಲಿ ಎರಡನೆಯವಳು.

ಗಣಿತದ ಓದಿಗೆ ನೆರವಾದದ್ದು ಹೊರದೇಶದಲ್ಲಿ ಓದುವ ಪೋಲಿಷ್ ವಿದ್ಯಾರ್ಥಿಗಳಿಗೆಂದು ಇದ್ದ 600 ರೂಬಲ್‌ಗಳ ವಿದ್ಯಾರ್ಥಿವೇತನ. ಅದನ್ನು ಹಿಂದಿರುಗಿಸಬೇಕೆಂಬ ನಿಯಮವೇನೂ ಇರಲಿಲ್ಲ. ಆದರೆ ಕೈಗೆ ಸಂಪಾದನೆ ಬಂದೊಡನೆ ಆಕೆ ಅಷ್ಟನ್ನೂ ಮರಳಿಸಿದಳು. ತನ್ನ ಹಾಗೆಯೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ಅದು ಸಿಗಲಿ ಎಂಬುದು ಆಕೆಯ ಎಣಿಕೆ.

ಮುಂದೆ ಆಕೆ ಪಿಯರ್ ಕ್ಯೂರಿಯನ್ನು ಮದುವೆಯಾಗಿ ಫ್ರಾನ್ಸಿನಲ್ಲೇ ನೆಲೆಸಿದರೂ ತಾಯ್ನಾಡನ್ನು ಮರೆಯಲಿಲ್ಲ. 1898ರಲ್ಲಿ ಪತಿಯೊಡನೆ ಕಂಡುಹಿಡಿದ ಧಾತುವಿಗೆ ‘ಪೊಲೋನಿಯಂ’ ಎಂದು ಹೆಸರಿಟ್ಟದ್ದು, ಭೂಪಟದಲ್ಲಿಲ್ಲದ ಆ ನಾಡಿನ ನೆನಪಿಗೇ. ಪೋಲೆಂಡ್ ಸ್ವತಂತ್ರವಾದ ಮೇಲೆ, 1932ರಲ್ಲಿ ವಾರ್ಸಾದಲ್ಲಿ ರೇಡಿಯಂ ಸಂಸ್ಥೆ ತೆರೆಯಿತು. ಅಲ್ಲಿನ ಚಿಕಿತ್ಸೆಗೆ ಬೇಕಾದ ರೇಡಿಯಂ ಒದಗಿಸಿದವಳು ತಂಗಿ. ಅದರ ಮೊದಲ ನಿರ್ದೇಶಕಿಯಾದವಳು ಅಕ್ಕ ಬ್ರೊನ್ಯಾ. ಹುಡುಗಿಯರಾಗಿದ್ದಾಗ ಕೊಟ್ಟುಕೊಂಡ ಮಾತು ಇಬ್ಬರನ್ನೂ ಪ್ಯಾರಿಸ್ಸಿಗೆ ಕಳಿಸಿತ್ತು. ಅಲ್ಲಿ ಕಲಿತದ್ದು ಕೊನೆಗೆ ಹುಟ್ಟೂರಿನ ರೋಗಿಗಳಿಗೆ ಒದಗಿತು.