ಧಾತು ಸಂವತ್ಸರದ ಕ್ಷಾಮವೂ ಭೂಮಿಯ ತಾಪವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವುವು. ಇವುಗಳ ಚರಿತ್ರೆಯನ್ನು ಬರೆಯಹೊರಟವನು ಮಳೆಯ ಮಾತನ್ನು ಬಿಡುವಂತಿಲ್ಲ. ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂದು ಜನಶ್ರುತಿಯುಂಟು. ಎರಡು ಗುಡ್ಡಗಳ ನಡುವೆ ಹರಿದ್ರೆಯನ್ನು ತಡೆದಿರುವ ಆ ಏರಿಯು ಅನಾವೃಷ್ಟಿಯ ಭಯ ಈ ನಾಡಿಗೆ ಹೊಸದಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಈಚೆಗೆ ಕೆಲವರು ಬಂದ ಬರವನ್ನೆಲ್ಲ ಮನುಷ್ಯಕೃತವಾದ ತಾಪವೃದ್ಧಿಯ ಫಲವೆನ್ನುವರು. ಬರವು ಹಿಂದೆಯೂ ಇದ್ದಿತಾದ್ದರಿಂದ ತಾಪವೃದ್ಧಿಯೇ ಸುಳ್ಳೆಂದು ಮತ್ತೆ ಕೆಲವರು ವಾದಿಸುವರು. ಎರಡೂ ಸಾಧುವಲ್ಲ. ಧಾತು, ಈಶ್ವರ ಸಂವತ್ಸರಗಳ (1876–78) ಮಹಾಕ್ಷಾಮದಿಂದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆಗ ಮಳೆಯನ್ನು ತಡೆದುದು ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಎಂಬ ಸಹಜ ವ್ಯಾಪಾರ. ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲಾಮ್ಲವಾಯುವು ಅಂದು ಸುಮಾರು 290 ಭಾಗ ಮಾತ್ರವಿದ್ದಿತು.

ಈ ವಾಯುವು ಭೂಮಿಯಿಂದ ಹೊರಡುವ ಶಾಖವನ್ನು ತಡೆಯುವುದೆಂಬುದನ್ನು ಟಿಂಡಾಲನು ಆ ಕ್ಷಾಮಕ್ಕೆ ಮೊದಲೇ, 1859ರಲ್ಲಿ, ಪ್ರಯೋಗದಿಂದ ತೋರಿಸಿದ್ದನು. ಇದು ಹೆಚ್ಚಿದರೆ ಭೂಮಿಯು ಎಷ್ಟು ಕಾಯುವುದೆಂದು ಅರೇನಿಯಸನು 1896ರಲ್ಲಿ ಗಣಿಸಿದನು. 1958ರಲ್ಲಿ ಹವಾಯಿ ದ್ವೀಪದಲ್ಲಿ ಕೀಲಿಂಗನು ಅಳೆಯತೊಡಗಿದಾಗ ಅದರ ಪ್ರಮಾಣ ಸುಮಾರು 315; 2024ರಲ್ಲಿ 420ನ್ನು ಮೀರಿತು.

ಇದು ಮನುಷ್ಯರಿಂದಲೇ ಆಯಿತೆಂದು ತಿಳಿಯುವುದು ಹೇಗೆ? ಕಾಲನಿರ್ದೇಶವಿಲ್ಲದ ಶಾಸನವನ್ನು ನಾವು ಲಿಪಿಯಿಂದ ನಿರ್ಣಯಿಸುವೆವಷ್ಟೆ. ಇಲ್ಲಿಯೂ ಅಂತಹ ಆಂತರಿಕ ಪ್ರಮಾಣವುಂಟು. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಲ್ಲಿ ಹೂತಿದ್ದುದರಿಂದ ಅದರಲ್ಲಿ ಕಾರ್ಬನ್-14 ಉಳಿದಿಲ್ಲ. ಅದರ ಹೊಗೆ ಬೆರೆತಂತೆ ಗಾಳಿಯಲ್ಲಿ ಆ ಅಂಶವು ತೆಳುವಾಗುವುದನ್ನು ಸ್ಯೂಸನು 1955ರಲ್ಲಿ ಮರದ ಉಂಗುರಗಳಿಂದ ಎತ್ತಿ ತೋರಿಸಿದನು.

ನಮ್ಮ ಸೀಮೆಯೂ ಈ ವ್ಯವಹಾರದಿಂದ ಹೊರಗಿಲ್ಲ. ಚನ್ನಗಿರಿ, ಹೊನ್ನಾಳಿಗಳ ಭದ್ರಾ ನಾಲೆಯ ಕೆಳಗೆ ನೀರು ನಿಂತ ಭತ್ತದ ಗದ್ದೆಗಳಿಂದ ತಾಪವನ್ನು ಹೆಚ್ಚಿಸುವ ಮೀಥೇನ್ ಏಳುತ್ತದೆ. ಗಾಳಿಯು ಒಂದು ಡಿಗ್ರಿ ಕಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಧರಿಸಬಲ್ಲದು. ಆದುದರಿಂದ ಮಳೆ ಬಂದಾಗ ಬಿರುಸು, ಬಾರದಾಗ ನೆಲವು ಬೇಗನೆ ಒಣಗುವುದು. ಹೊಳೆಯ ದಡದ ಹೊನ್ನಾಳಿಗೆ, ಅದರಿಂದ ಈಚೆಗೆ ಬೇರ್ಪಟ್ಟ ನ್ಯಾಮತಿಗೆ ಮೊದಲನೆಯದರ ಭಯ. ಮಳೆಯನ್ನೇ ನಂಬಿದ ಜಗಳೂರಿಗೆ ಎರಡನೆಯದರ ಭಯ.

ಧಾತು ಸಂವತ್ಸರದ ಬರವು ಈ ತಾಪದಿಂದ ಬಂದುದಲ್ಲ. ಆದರೆ ಅಂತಹ ಬರವು ಮತ್ತೆ ಬಂದರೆ ಅದು ಅಂದಿಗಿಂತ ಕಾದ ನೆಲದ ಮೇಲೆ ಬರುವುದು. ಸೂಳೆಕೆರೆಯನ್ನು ಕಟ್ಟಿದವರು ನಂಬಿದ ಮಳೆಯ ಲೆಕ್ಕವನ್ನು ನಾವು ಇನ್ನು ಹಾಗೆಯೇ ನಂಬಲಾಗದು.